ಬಾಸ್ ಗಿಟಾರಿಗೆ ಮೆತ್ತಿದ ಕಣಕ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಬಾಸ್ ಗಿಟಾರಿನ ತಂತಿಗಳ ಕೆಳಗೆ ಹೋಳಿಗೆಯ ಕಣಕ ಮೆತ್ತಿದವನು ನಾನೇ. ಯಾರೂ ಹೇಳಿಕೊಡಲಿಲ್ಲ, ಯಾರೂ ಒತ್ತಾಯಿಸಲಿಲ್ಲ. ಇಷ್ಟು ದೊಡ್ಡ ಮೂರ್ಖತನಕ್ಕೆ ಸ್ವಂತ ಬುದ್ಧಿಯೇ ಬೇಕಾಗುತ್ತದೆ.

ಹಳಿಯಾಳದಲ್ಲಿ ಜನ ನನ್ನನ್ನು ಗುರುತಿಸುವುದು ಮಿಮಿಕ್ರಿಯಿಂದ. ಬಸ್ ನಿಲ್ದಾಣದಲ್ಲಿ ಮೂಗಿನಿಂದ ಕೂಗುವ ಕಂಡಕ್ಟರನಿಂದ ಹಿಡಿದು ಸಿಟ್ಟಿಗೆದ್ದ ನನ್ನ ಅವ್ವನವರೆಗೆ ಯಾರ ದನಿಯನ್ನಾದರೂ ಎರಡು ನಿಮಿಷದಲ್ಲಿ ಕದಿಯುತ್ತೇನೆ. ಕದಿಯಲಾಗದ್ದು ಒಂದೇ, ಹಳೆಯ ರಾಕ್ ಹಾಡುಗಳ ಬಾಸ್ ನಾದ. ಅಲ್ಲಿ ಅದು ‘ಧುಮ್’ ಎಂದು ಹುಟ್ಟಿ, ಎದೆಗೆ ತಾಗಿ, ಅಲ್ಲೇ ಮುಗಿಯುತ್ತದೆ. ನನ್ನದು ‘ಟಣ್ಣ್’ ಎಂದು ಶುರುವಾದರೆ ಶಾಲೆಯ ಗಂಟೆಯ ಹಾಗೆ ಮುಗಿಯುವುದೇ ಇಲ್ಲ. ಗಿಟಾರು ನೋಡಲಿಕ್ಕೆ ಮಾತ್ರ ಹಳೇ ಕಾಲದ್ದು: ನಡುವೆ ಜೇನಿನ ಬಣ್ಣ, ಅಂಚಿಗೆ ಕಪ್ಪು. ವೇಷ ಅಜ್ಜನದು, ದನಿ ಮೊಮ್ಮಗನದು. ನನ್ನ ಹಾಗೆ ಅದೂ ನಕಲಿ ಕಲಾವಿದ.

ಗಣೇಶಗುಡಿಯ ಒಂದು ಹೋಮ್‌ಸ್ಟೇಯಲ್ಲಿ ಶನಿವಾರ ಸಂಜೆ ಅತಿಥಿಗಳಿಗಾಗಿ ನಾವು ಮೂವರು ನುಡಿಸುತ್ತಿದ್ದೆವು. ಡ್ರಮ್ಸಿಗೆ ನನ್ನ ಗೆಳೆಯ, ಬಾಸಿಗೆ ನಾನು. ಕೀಬೋರ್ಡ್ ನುಡಿಸುತ್ತ ಹಾಡುತ್ತಿದ್ದವರು ದಾಂಡೇಲಿಯ ಸಂಗೀತ ಟೀಚರು, ತಂಡ ಅವರದೇ. ನಾವು ಅವರನ್ನು ಅಕ್ಕಾರ ಎನ್ನುತ್ತಿದ್ದೆವು. ಒಂದು ವಾರ ಅವರು ನೇರವಾಗಿಯೇ ಹೇಳಿಬಿಟ್ಟರು.

“ತಮ್ಮಾ, ನಿನ್ನ ಬಾಸು ನನ್ನ ಹಾಡಿನ ಮ್ಯಾಲ ಬಂದು ಕುಂದರತೈತಿ. ಬರೂ ಶನಿವಾರ ಸುಧಾರಿಸಲಿಲ್ಲಂದ್ರ ಆ ಕೆಲಸ ನನ್ನ ಎಡಗೈನ ಮಾಡ್ತೈತಿ.”

ಕೀಬೋರ್ಡಿನ ತಗ್ಗು ಸ್ವರಗಳ ಮೇಲೆ ಆಡುವ ಒಂದು ಎಡಗೈಗೆ ನನ್ನ ಜಾಗ!

ಮೊಬೈಲಿನ ವಿಡಿಯೋ ಒಂದರಲ್ಲಿ ನರೆತ ಗಡ್ಡದ ವಾದಕನೊಬ್ಬ ಗುಟ್ಟು ಬಿಚ್ಚಿಟ್ಟ: ಹಿಂದಿನವರು ನಾದ ಬೇಗ ಅಡಗಲೆಂದು ತಂತಿಗಳ ಬುಡದಲ್ಲಿ ಸ್ಪಂಜು ಸಿಗಿಸುತ್ತಿದ್ದರಂತೆ. ಅವ್ವನ ಪಾತ್ರೆ ತಿಕ್ಕುವ ಸ್ಪಂಜು ಕತ್ತರಿಸಿ ಸಿಗಿಸಿದೆ. ನಾದ ಅಡಗಲಿಲ್ಲ, ಸತ್ತೇ ಹೋಯಿತು. ಅಕ್ಕಿ ಚೀಲಕ್ಕೆ ಒದ್ದ ಹಾಗೆ. ತೆಳ್ಳಗೆ ಮಾಡಿದರೆ ಮತ್ತೆ ಟಣ್ಣ್. ಮೂರು ದಿನ ಇದೇ ಹಣೆಬರಹ, ಮೇಲೆ ಸ್ಪಂಜಿಗಾಗಿ ಅವ್ವನ ಬೈಗುಳ. ಅವಳ ದನಿಯಲ್ಲೇ ತಿರುಗಿ ಬೈದು ಇನ್ನಷ್ಟು ಬೈಸಿಕೊಂಡೆ.

ಆಗ ನನ್ನ ಕಾಕಾ ನೆನಪಾದರು. ಓಣಿಯ ಭಜನಾ ಮಂಡಳಿಯಲ್ಲಿ ಅವರು ಪಖವಾಜ್ ಬಾರಿಸುತ್ತಾರೆ. ಕೂರುವ ಮುಂಚೆ ಅದರ ಎಡಮುಖಕ್ಕೆ ನಾದಿದ ಗೋಧಿಹಿಟ್ಟು ಮೆತ್ತುತ್ತಾರೆ. ಅಷ್ಟು ಹೊತ್ತು ಬಡಬಡಿಸುತ್ತಿದ್ದ ಚರ್ಮ ‘ಧುಮ್’ ಎನ್ನುತ್ತದೆ. ಅದೇ ನನ್ನ ಧುಮ್!

“ಕಾಕಾ, ಹಿಟ್ಟು ಗಿಟಾರಿಗೂ ಆಗತೈತೇನ್ರೀ?”

“ನನಗೇನ ಗೊತ್ತೋ? ನನ್ನ ಪಖವಾಜಕ್ಕ ತಂತಿ ಇಲ್ಲ. ಹಚ್ಚಿ ನೋಡು. ಆದ್ರ ಬಾರಿಸಿದ ಮ್ಯಾಲ ಕೆರದು ತಗೀಬೇಕ, ಮತ್ತ ಬಾರಿಸೂ ಮುಂದ ಹೊಸಾದು ಹಚ್ಚಬೇಕ.”

ಶುಕ್ರವಾರ ಅವ್ವ ಹೋಳಿಗೆಗೆ ಕಣಕ ನಾದಿಟ್ಟಿದ್ದಳು. ಹೂರಣ ನೆಕ್ಕಿದ ಕೈಯಿಂದಲೇ ಒಂದು ಉಂಡೆ ಕಿತ್ತು ತಂತಿಗಳ ಬುಡಕ್ಕೆ ಮೆತ್ತಿ ಮೀಟಿದೆ. ಧುಮ್. ಸುಳ್ಳಲ್ಲ, ನಿಜವಾಗಿಯೂ ಧುಮ್! ನರೆತ ಗಡ್ಡದವನ ದನಿಯಲ್ಲಿ ನನ್ನನ್ನು ನಾನೇ ಹೊಗಳಿಕೊಂಡೆ. ಸಿಕ್ಕ ನಾದ ಎಲ್ಲಿ ತಪ್ಪಿಹೋದೀತೋ ಎಂಬ ಹೆದರಿಕೆಗೆ ಕಣಕ ಕೆರೆಯದೆ, ಹಾಗೆಯೇ ಚೀಲದಲ್ಲಿಟ್ಟು ಜಿಪ್ ಎಳೆದೆ.

ಶನಿವಾರ ಬಸ್ಸು ತಡವಾಯಿತು. ಗಣೇಶಗುಡಿ ಮುಟ್ಟಿದವನೇ ಗಿಟಾರು ಹೊರಗೆಳೆದು ಕೊರಳಿಗೆ ಹಾಕಿಕೊಂಡೆ, ನೋಡಲೂ ಇಲ್ಲ. ಮೊದಲ ಮೀಟಿಗೇ ಟಣ್ಣ್. ಕಣಕ ಒಣಗಿ ಬಿರುಕು ಬಿಟ್ಟಿತ್ತು. ಒಂದು ಚೂರು ಉದುರಿತು, ಅದರ ಹಿಂದೆಯೇ ಕೆಂಪಿರುವೆಗಳು ಹೊರಟವು. ಹೂರಣದ ಸಿಹಿಗೆ ಬಂದವು ಈಗ ನನ್ನ ಅಂಗಿಯ ತೋಳಿನೊಳಗೆ ದಾರಿ ಹುಡುಕುತ್ತಿದ್ದವು. ಕಚ್ಚಿದರೆ ಕೂಗುವಂತಿಲ್ಲ, ಅಕ್ಕಾರು ಮೆಲುದನಿಯ ಹಾಡು ಎತ್ತಿಕೊಂಡಿದ್ದರು. ಸ್ಪೀಕರಿನ ಹಿಂದೆ ಸರಿದು, ಗಿಟಾರು ನೆಲಕ್ಕಿಟ್ಟು, ಅಂಗಿ ಕೊಡವಿದೆ. ಒಂದು ಹಾಡು ಮುಗಿಯಿತು, ಇನ್ನೊಂದೂ ಮುಗಿಯಿತು. ಇರುವೆಗಳು ಮಾತ್ರ ಮುಗಿಯಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಅಕ್ಕಾರ ಮುಂದೆ ಹೋಗಿ ನಿಂತೆ. ಯಾರ ದನಿಯೂ ನೆರವಿಗೆ ಬರಲಿಲ್ಲ, ನನ್ನದರಲ್ಲೇ ಬೇಡಿಕೊಂಡೆ.

“ಅಕ್ಕಾರ, ನಿನ್ನೆ ನಮ್ಮ ಮನ್ಯಾಗ ಕೇಳಬೇಕಿತ್ರೀ ನೀವು, ಏನ್ ಬಂದಿತ್ತು ನಾದ! ಇನ್ನೊಂದ ವಾರ ಕೊಡ್ರಿ. ಬಾಸ್ ಇಲ್ಲದ ಹಾಡಂದ್ರ ಬುನಾದಿ ಇಲ್ಲದ ಮನಿ. ಕೇಳೂ ಮಂದಿಗೆ ಕೂಡ್ಲೇ ಗೊತ್ತಾಗತೈತಿ.”

ಅಕ್ಕಾರು ವೈರ್ ಸುತ್ತುವುದನ್ನು ನಿಲ್ಲಿಸಲೂ ಇಲ್ಲ.

“ಎರಡ ಹಾಡು ಪೂರ್ತಿ ನೀ ಸ್ಪೀಕರಿನ ಹಿಂದ ಇರುವಿ ಝಾಡಿಸ್ಕೋತ ನಿಂತಿದ್ದಿ. ಒಬ್ಬರರ ತಿರುಗಿ ನೋಡಿದರೇನೋ?”