ಬೇಡ ಎಂದು ಬಿಟ್ಟ ಉಕ್ಕಿನ ತುಂಡು

ಗಿಟಾರಿಗೆ ನಾನು ಕೊಟ್ಟಿದ್ದು ಎರಡು ಸಾವಿರದ ಇನ್ನೂರು ರೂಪಾಯಿ. ಅವರು ಹೇಳಿದ್ದು ಮೂರು ಸಾವಿರ. ಬಣ್ಣ ಮಾಸಿದೆ ಎಂದು ಇನ್ನೂರು ಇಳಿಸಿದೆ. ತಂತಿಗಳು ಎದ್ದು ನಿಂತಿವೆ ಎಂದು ಮುನ್ನೂರು ಇಳಿಸಿದೆ. ಜೊತೆಗೆ ಕೊಡಲು ಬಂದ ಒಂದು ಉಕ್ಕಿನ ತುಂಡನ್ನು ಬೇಡ ಎಂದು ಇನ್ನೂ ಮುನ್ನೂರು ಇಳಿಸಿದೆ.

ಆ ಕೊನೆಯ ಮುನ್ನೂರಕ್ಕೆ ನಾನು ಎಷ್ಟು ಹಿಗ್ಗಿದ್ದೆ ಅಂದರೆ, ಹಾಸನಕ್ಕೆ ಬರುವ ದಾರಿಯಲ್ಲಿ ಗಾಡಿ ನಿಲ್ಲಿಸಿ ಎರಡು ಮಸಾಲೆ ದೋಸೆ ತಿಂದೆ.

ನನ್ನ ಕಸುಬು ಹೇಳಿಬಿಡುತ್ತೇನೆ. ಸೆಕೆಂಡ್ ಹ್ಯಾಂಡ್ ಬೈಕು ಕೊಂಡು ಮಾರುವುದು. ಅರಕಲಗೂಡಿನಿಂದ ಬರಿಗೈಲಿ ಬಂದು, ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದು, ಆಮೇಲೆ ಸ್ವಂತ ಅಂಗಡಿ ಮಾಡಿದವನು. ನನ್ನದೊಂದು ನಿಯಮ ಉಂಟು. ಬೈಕಿನ ಜೊತೆ ಸೈಡ್ ಬಾಕ್ಸು, ಲೆಗ್ ಗಾರ್ಡು, ಹೊಸ ಸೀಟ್ ಕವರು ಅಂತ ಏನೇ ಕೊಡಲು ಬರಲಿ, 'ಬಿಚ್ಚಿಟ್ಟುಕೊಳ್ಳಿ, ಅದರ ದುಡ್ಡು ಇಳಿಸಿ' ಅನ್ನುವುದು. ಈ ಒಂದು ಮಾತಿನಿಂದ ನಾನು ಮನೆ ಕಟ್ಟಿಸಿದ್ದೇನೆ (ಅರ್ಧ ಮನೆಯನ್ನಾದರೂ).

ಹೊಳೆನರಸೀಪುರಕ್ಕೆ ಹೋಗಿದ್ದೂ ಸ್ಕೂಟರ್ ನೋಡಲು. ಮಾರುತ್ತಿದ್ದವರು ವಿಶಾಲಾಕ್ಷಿ ಮೇಡಂ, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ರಿಟೈರ್ ಆದವರು. ಸ್ಕೂಟರಿನ ಬೆಲೆ ಕುದುರಲಿಲ್ಲ. ಎದ್ದು ಹೊರಡುವಾಗ ಬೀರುವಿನ ಮೇಲಿದ್ದ ಗಿಟಾರ್ ಕಣ್ಣಿಗೆ ಬಿತ್ತು. 'ಅದೂ ಕೊಡೋದೇ' ಅಂದರು.

ವ್ಯಾಪಾರ ಮುಗಿದ ಮೇಲೆ ಮೇಡಂ ಒಂದು ಮಖಮಲ್ಲಿನ ಚೀಲ ತಂದರು. ಒಳಗೆ ಬೆರಳುದ್ದದ ಉಕ್ಕಿನ ತುಂಡು. ಹೆಬ್ಬೆರಳಿನಷ್ಟು ದಪ್ಪ, ನುಣ್ಣಗಿತ್ತು.

'ಈ ಕಬ್ಬಿಣ ನನಗ್ಯಾಕೆ ಮೇಡಂ? ನೀವೇ ಇಟ್ಕೊಳ್ಳಿ, ಮುನ್ನೂರು ಕಮ್ಮಿ ಮಾಡಿ.'

'ಬೇಡ್ವಾ?'

'ಬೇಡ.'

'ಯೋಚ್ನೆ ಮಾಡಿ ಹೇಳಿ.'

'ಯೋಚ್ನೆ ಮಾಡೋಕೇನೈತೆ, ಬೇಡ ಅಂದ್ರೆ ಬೇಡ.'

ಮೇಡಂ ಒಂದು ಕ್ಷಣ ನನ್ನ ಮುಖ ನೋಡಿ, ಚೀಲವನ್ನು ಡ್ರಾಯರಿನೊಳಗೆ ಇಟ್ಟರು. ಗೆದ್ದೆ ಅಂದುಕೊಂಡೆ.

ಈ ವಯಸ್ಸಿನಲ್ಲಿ ಗಿಟಾರ್ ಯಾಕೆ ಅಂತ ಕೇಳುತ್ತೀರಿ. ನಾನು ಕೆಲಸ ಕಲಿತ ಗ್ಯಾರೇಜಿನ ಮಹಡಿ ಮೇಲೆ ಒಂದು ಆರ್ಕೆಸ್ಟ್ರಾದವರು ಸಂಜೆ ಹೊತ್ತು ಪ್ರಾಕ್ಟೀಸ್ ಮಾಡುತ್ತಿದ್ದರು. ಕೈತುಂಬ ಗ್ರೀಸು, ಮೇಲಿನಿಂದ ಗಿಟಾರು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಕೊಂಡು ಹೋಗುವ ಒಂದು ನಾದ. ಅದನ್ನು ಒಮ್ಮೆಯಾದರೂ ನನ್ನ ಕೈಯಿಂದ ಹೊರಡಿಸಬೇಕು ಅನ್ನುವುದು ಆಗಿನಿಂದ ಇದ್ದ ಆಸೆ. ಬೇರೆ ಏನೂ ಇಲ್ಲ. ಸ್ಟೇಜ್ ಹತ್ತುವ ಹುಚ್ಚು ನನಗಿಲ್ಲ.

ಮೊಬೈಲಿನಲ್ಲಿ ವೀಡಿಯೊ ಹಾಕಿಕೊಂಡು ಶುರು ಮಾಡಿದೆ. ಆ್ಯಪ್ ಹೇಳಿದ ಹಾಗೆ ತಂತಿ ಬಿಗಿದೆ. ಎಡಗೈ ಬೆರಳಲ್ಲಿ ತಂತಿ ಒತ್ತಬೇಕಂತೆ. ಒತ್ತಿದೆ. ಅದು ಕೆಳಗೆ ಹೋಗಲಿಲ್ಲ. ಇನ್ನೂ ಒತ್ತಿದೆ. ಬೆರಳಿನ ತುದಿ ಸೀಳಿತೇ ಹೊರತು, ಬಂದದ್ದು ತಗಡು ಗೀಚಿದ ಸದ್ದು. ಮೊದಮೊದಲು ನೋಯುತ್ತದೆ, ಬಿಡಬೇಡಿ ಅಂತ ವೀಡಿಯೊದವನು ಹೇಳಿದ. ಬಿಡಲಿಲ್ಲ.

'ಆ ವೀಡಿಯೊ ಹುಡುಗ ನಗ್ತಾ ಬಾರುಸ್ತಾನೆ' ಅಂದಳು ನನ್ನ ಹೆಂಡತಿ ಸಾವಿತ್ರಿ. 'ನಿಮ್ಮ ಮುಖ ನೋಡುದ್ರೆ ಹಲ್ಲು ಕೀಳಿಸ್ಕೊಳೋರ ಥರ ಐತಲ್ರೀ.'

ತಿಂಗಳಾದರೂ ಒಂದು ಸಾಲು ಬರಲಿಲ್ಲ. ಜಾರುವ ನಾದವಂತೂ ಇಲ್ಲವೇ ಇಲ್ಲ. ದೋಷ ನನ್ನ ಕೈಯದೇ ಅಂದುಕೊಂಡೆ. ಇಷ್ಟು ವರ್ಷ ಕ್ಲಚ್ ಹಿಡಿದ ಕೈ, ಇದಕ್ಕೆ ಒಗ್ಗಲ್ಲ.

ಅಂಗಡಿಯಲ್ಲಿ ಸಿದ್ದಣ್ಣನ ಹತ್ತಿರ ಹೇಳಿದೆ. ಅವನು ನನ್ನ ಮೆಕ್ಯಾನಿಕ್, ಆ ಹಳೇ ಗ್ಯಾರೇಜಿನಿಂದಲೂ ಜೊತೆಗಾರ. 'ಓಗ್ಲಿ ಬುಡಣ್ಣ, ಎಲ್ರಿಗೂ ಎಲ್ಲಾ ಬರಾಕಿಲ್ಲ. ಹಿರೀಸಾವೆಯೋರು ಒಬ್ರು ಮಗ್ಳಿಗೆ ಗಿಟಾರು ಬೇಕು ಅಂತಿದ್ರು. ಮೂರೂವರೆಗೆ ತಗಲಾಕ್ಬುಡು' ಅಂದ.

ಒಳ್ಳೆಯ ರೇಟು. ಸರಿ ಅಂದೆ. ಅಂದಮೇಲೆ ಯಾಕೋ ಮಧ್ಯಾಹ್ನದ ಊಟ ಸೇರಲಿಲ್ಲ.

ಮಾರುವ ಮುಂಚೆ ಗಾಡಿಯನ್ನು ನಾನೇ ಒರೆಸುತ್ತೇನೆ. ಕೊಳ್ಳುವಾಗ ಕಾಣದ್ದು ಒರೆಸುವಾಗ ಕಾಣುತ್ತದೆ. ಬ್ರೇಕ್ ಪೆಡಲ್ ಸವೆದಿದ್ದರೆ ಓಡಿಸಿದವನು ಆತುರಗಾರ. ಬಲಗಡೆ ಫುಟ್‌ರೆಸ್ಟ್ ಕೆರೆದಿದ್ದರೆ ಬಿದ್ದು ಎದ್ದ ಗಾಡಿ. ಸವೆದ ಜಾಗ ಸುಳ್ಳು ಹೇಳುವುದಿಲ್ಲ.

ಗಿಟಾರನ್ನೂ ಅಂಗಡಿಗೆ ತಂದು ಹಾಗೇ ಒರೆಸುತ್ತಾ ನೋಡಿದೆ. ಇಷ್ಟು ಹಳೆಯದು, ಆದರೆ ಬೆರಳು ಒತ್ತುವ ಜಾಗದಲ್ಲಿ ಒಂದು ಚೂರೂ ಸವೆತ ಇಲ್ಲ. ಮಗುಚಿ ಹಾಕಿದೆ. ಬೆನ್ನಿನ ಮೇಲೆ ಎರಡು ಜಾಗದಲ್ಲಿ ಮಾತ್ರ ಪಾಲಿಶ್ ಹೋಗಿ ಮರ ಕಾಣುತ್ತಿತ್ತು. ಎದೆಗೆ ಒರಗಿಸಿಕೊಂಡು ನುಡಿಸಿದರೆ ಅಲ್ಲಿ ಯಾಕೆ ಸವೆಯಬೇಕು? ಕತ್ತಿನ ತುದಿ ನೋಡಿದೆ. ತಂತಿಗಳು ಹಾದುಹೋಗುವ ಪಟ್ಟಿಯ ಮೇಲೆ ಇನ್ನೊಂದು ಲೋಹದ ಪಟ್ಟಿ ಕೂರಿಸಿದ್ದರು. ತಂತಿ ಎದ್ದು ನಿಂತಿದ್ದು ಅದರಿಂದ. ಯಾರೋ ಬೇಕು ಅಂತಲೇ ಎತ್ತರಿಸಿದ್ದಾರೆ. ಬೇಡದ ಪಾರ್ಟನ್ನು ಯಾರೂ ದುಡ್ಡು ಕೊಟ್ಟು ಹಾಕಿಸಿಕೊಳ್ಳುವುದಿಲ್ಲ.

ಸ್ಟೂಲಿನ ಮೇಲೆ ಕೂತು ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿದೆ. ಸವೆದ ಎರಡು ಜಾಗ ನನ್ನ ಎರಡು ತೊಡೆಯ ಮೇಲೆ ಸರಿಯಾಗಿ ಕೂತವು. ಹಾಗಾದರೆ ಇದನ್ನು ಒತ್ತುವುದಲ್ಲ. ಮೇಲಿಂದ ಏನೋ ಇಟ್ಟು ಜಾರಿಸುವುದು. ಏನನ್ನು?

ಡ್ರಾಯರಿನೊಳಗೆ ಹೋದ ಮಖಮಲ್ಲಿನ ಚೀಲ ಆಗ ನೆನಪಾಯಿತು.

ಅದಿಲ್ಲ. ಆದರೆ ನಾನಿರುವುದು ಬೈಕಿನ ಅಂಗಡಿಯಲ್ಲಿ. ಸಿದ್ದಣ್ಣ ಅವತ್ತು ಬೆಳಿಗ್ಗೆ ಒಂದು ಎಂಜಿನ್ ಬಿಚ್ಚಿದ್ದ. ಅದರ ಪಿಸ್ಟನ್ ಪಿನ್, ಒಂದು ಸಣ್ಣ ಉಕ್ಕಿನ ಕೊಳವೆ, ತಟ್ಟೆಯಲ್ಲಿತ್ತು. ಕಿರುಬೆರಳಿಗಿಂತ ಗಿಡ್ಡ, ಕನ್ನಡಿಯಂಥ ನುಣುಪು. ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ತಂತಿಯ ಮೇಲೆ ಇಟ್ಟೆ. ಬಲಗೈಯಿಂದ ಮೀಟಿ ಎಡಗೈ ಜಾರಿಸಿದೆ.

ಸಿದ್ದಣ್ಣ ಸ್ಪ್ಯಾನರ್ ಕೆಳಗಿಟ್ಟ. 'ಅಣ್ಣಾ, ಇದೇ ಕಣಣ್ಣ. ಮಹಡಿ ಮೇಲಿಂದ ಬತ್ತಿದ್ದದ್ದು ಇದೇ.'

ಹಿರೀಸಾವೆಯವರಿಗೆ ಅವನೇ ಫೋನ್ ಮಾಡಿ, 'ಗಿಟಾರು ಓಗಾಯ್ತು ಸಾ' ಅಂದುಬಿಟ್ಟ.

ಪಿನ್ ಗಿಡ್ಡ, ನಾಲ್ಕು ತಂತಿಗಷ್ಟೇ ಮುಟ್ಟುತ್ತದೆ. ಗಿಟಾರಿಗೆ ಇರುವುದು ಆರು. ಭಾರವೂ ಸಾಲದು, ತಂತಿ ಗುಂಯ್‌ಗುಟ್ಟುತ್ತದೆ. ಹಾಗಾಗಿ ಮಾರನೇ ದಿನ ಗಿಟಾರನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಹೊಳೆನರಸೀಪುರಕ್ಕೆ ಹೊರಟೆ.

'ಮಾರಿದ್ದು ವಾಪಸ್ ತಗೊಳ್ಳಲ್ಲ ಕಣ್ರೀ' ಅಂದರು ಮೇಡಂ, ಬಾಗಿಲಲ್ಲೇ.

'ವಾಪಸ್ಸಲ್ಲ ಮೇಡಂ. ಆ ಉಕ್ಕಿನ ತುಂಡು...'

'ಎರಡು ಸಲ ಕೇಳಿದೆ.'

'ಕೇಳಿದ್ರಿ. ಅದು ಯಾತಕ್ಕೆ ಅಂತ ಒಂದು ಮಾತು ಹೇಳಬಾರದಾಗಿತ್ತಾ?'

'ನೀವು ಮನೇಲಿ ಇನ್ನೊಂದು ಇಟ್ಕೊಂಡಿರೋರ ಥರ ಮಾತಾಡಿದ್ರಿ. ಗೊತ್ತಿಲ್ಲ ಅಂತ ಕೈ ಎತ್ತಿದೋರಿಗೆ ಹೇಳಿಕೊಟ್ಟು ಅಭ್ಯಾಸ ನಂಗೆ. ನೀವು ಎತ್ತಲಿಲ್ಲ.'

ಕೂತ ಮೇಲೆ ಹೇಳಿದರು. ಇದು ಹವಾಯಿಯನ್ ಗಿಟಾರ್. ಅವರು ಹುಡುಗಿಯಾಗಿದ್ದಾಗ ಕಲಿತದ್ದು. ತೊಡೆಯ ಮೇಲೆ ಮಲಗಿಸಿ, ಉಕ್ಕನ್ನು ಜಾರಿಸಿ ನುಡಿಸುವುದು.

'ಬೆಲೆ ಹೇಳಿ ಮೇಡಂ' ಅಂದೆ.

'ಮೊದ್ಲು ನೀವು ಕುಂದು ಹೇಳಿ. ಗಿಟಾರಿಗೆ ಹೇಳಿದ್ರಲ್ಲ.'

ಚೀಲದಿಂದ ತುಂಡನ್ನು ಹೊರಗೆ ತೆಗೆದರು. ಆಗ ನೋಡಿದೆ, ಅವರ ಕೈ ನಡುಗುತ್ತಿತ್ತು. ತುಂಡು ಜಾರಿ ಚಾಪೆಯ ಮೇಲೆ ಬಿತ್ತು. 

'ಇದರ ಕುಂದು ಇದೇ. ಭಾರ' ಅಂದರು. 'ಹಾಡಿನ ಮಧ್ಯ ಬೀಳುತ್ತೆ. ಅದಕ್ಕೇ ಮಾರಿದ್ದು.'

ನಾನು ಜೇಬಿನಿಂದ ಪಿಸ್ಟನ್ ಪಿನ್ ತೆಗೆದು ಅವರ ಅಂಗೈಗೆ ಇಟ್ಟೆ. ಒಳಗೆ ಪೊಳ್ಳು, ಹಗುರ ಅಂದೆ. ಮೇಡಂ ಅದನ್ನು ಕಣ್ಣಿಗೆ ಹಿಡಿದು, ತೂತಿನ ಮೂಲಕ ನನ್ನನ್ನು ನೋಡಿದರು. ಆಮೇಲೆ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು, 'ಶ್ರುತಿ ಎಲ್ಲಾ ಕೆಡಿಸಿದೀರಿ' ಅಂತ ಗೊಣಗುತ್ತಾ ತಂತಿ ಬಿಗಿಯುವ ಕಿವಿಗಳನ್ನು ತಿರುಗಿಸಿದರು.

ನುಡಿಸಿದರು. ಒಂದು ಹಳೇ ಸಿನಿಮಾ ಹಾಡು. ಪಿನ್ ಬೀಳಲಿಲ್ಲ.

'ಆರು ತಂತಿ ಮುಟ್ಟಲ್ಲ ಅದು' ಅಂದೆ.

'ನಂಗೆ ನಾಲ್ಕು ಸಾಕು.'

ಪ್ರತಿ ಸಾಲಿನ ಕೊನೆಗೆ ಸ್ವರ ನೀರಿನ ಮೇಲಿನ ಬೆಳಕಿನ ಹಾಗೆ ಅಲುಗುತ್ತಿತ್ತು. ಅದನ್ನು ಹೇಗೆ ಕಲಿಯುವುದು ಅಂತ ಕೇಳಿದೆ. (ಈ ಸಲ ಕೇಳಿದೆ, ಗಮನಿಸಿ.)

'ಅದಾ? ಅದು ಕಲಿತಿದ್ದಲ್ಲ ಕಣ್ರೀ. ಸ್ವಲ್ಪ ವಯಸ್ಸಾಗ್ಲಿ, ನಿಮಗೂ ತಾನಾಗೇ ಬರುತ್ತೆ.'

ಉಕ್ಕು ನನಗೆ, ಪಿನ್ ಅವರಿಗೆ. ಅದಲು ಬದಲು. ಅಷ್ಟಕ್ಕೇ ಮುಗಿಯಿತು ಅಂದುಕೊಂಡು ಗಿಟಾರ್ ಸುತ್ತತೊಡಗಿದೆ. 'ಬರೀ ಪಿನ್ ಇಟ್ಕೊಂಡು ನಾನೇನು ಮಾಡ್ಲಿ?' ಅಂದರು ಮೇಡಂ. ಪ್ರತಿ ಗುರುವಾರ ಗಿಟಾರ್ ತರಬೇಕು. ಮೊದಲು ಅವರು ನುಡಿಸುವುದು, ಆಮೇಲೆ ನನಗೆ ಪಾಠ. ಹದಿನೈದು ದಿನಕ್ಕೊಂದು ಸಲ ಮಾಡೋಣ ಅಂತ ಎಳೆದು ನೋಡಿದೆ. 'ಕಮ್ಮಿ ಇಲ್ಲ' ಅಂದರು. ಒಪ್ಪಿಕೊಂಡೆ. ನಾಡಿದ್ದು ಗುರುವಾರ, ಅಂಗಡಿ ಅರ್ಧ ದಿನ ಬಂದ್.

ನೀವೂ ಹಳೇ ಸಾಮಾನು ಕೊಳ್ಳುವವರಾದರೆ ಹೀಗೆ ಮಾಡಿ. ಬೆಲೆ ಕೇಳುವ ಮುಂಚೆ, ಅದನ್ನು ಒಂದು ಸಲ ಬಳಸಿ ತೋರಿಸಿ ಅಂತ ಮಾರುವವರನ್ನೇ ಕೇಳಿ. ಕೊಡುವ ದುಡ್ಡನ್ನು ಎಷ್ಟಾದರೂ ಎಳೆದಾಡಿ, ನಾನೂ ಬಿಟ್ಟಿಲ್ಲ. ಆದರೆ ಜೊತೆಗೆ ಏನಾದರೂ ಕೊಡಲು ಬಂದರೆ, ಬೇಡ ಅನ್ನುವ ಮುಂಚೆ 'ಇದು ಯಾತಕ್ಕೆ?' ಅನ್ನಿ. ಆ ಪ್ರಶ್ನೆಗೆ ಇವತ್ತಿನವರೆಗೂ ಯಾರೂ ರೇಟು ಹಾಕಿಲ್ಲ.