ಬಕೆಟ್ಟಿನ ಕೆಳಗಿನ ಮೊಟ್ಟೆ

ಹಳೆಯ ಅಗೆಯುವ ಯಂತ್ರ ಕೊಳ್ಳಲು ಬರುವ ಸಾಹುಕಾರ, ಎಲ್ಲರ ಬಾಯಲ್ಲಿ ಟೌಕೆ ಹೋಕ್, ಟೈರು ಒದ್ದು ನೋಡುವವನಲ್ಲ. ಮುಂದಿನ ಬಕೆಟ್ಟನ್ನು ಸ್ವಲ್ಪ ಎತ್ತಿಸಿ ಎಂಜಿನ್ ಆರಿಸುತ್ತಾನೆ. ಬಕೆಟ್ಟಿನ ಹಲ್ಲಿನ ಕೆಳಗೆ ಒಂದು ಕೋಳಿಮೊಟ್ಟೆ ಇಡುತ್ತಾನೆ, ನಡುವೆ ಎರಡು ಬೆರಳಿನಷ್ಟು ಸಂದು. ಆಮೇಲೆ ಮಾಲೀಕನ ಮನೆಯಲ್ಲಿ ಟೀ ಕುಡಿಯುತ್ತಾನೆ. ಎದ್ದು ಬಂದಾಗ ಮೊಟ್ಟೆ ಇಡಿಯಾಗಿದ್ದರೆ ವ್ಯಾಪಾರ, ಒಡೆದಿದ್ದರೆ ಸಲಾಂ. ಸಬಾಕ್ ಬರ್ನಾಮಿನ ತಾಳೆತೋಟಗಳ ಸೀಮೆಯಲ್ಲಿ ಈ ಪರೀಕ್ಷೆ ಗೊತ್ತಿಲ್ಲದವರಿಲ್ಲ.

ಭಾನುವಾರ ಟೌಕೆ ಬರುತ್ತಾನೆ ಎಂದು ಪೈಮಿನ್ ಹೇಳಿದಾಗ ಅವನ ಹೆಂಡತಿ ವಗೀರಾ ಮರಗೆಣಸು ಹೆಚ್ಚುತ್ತಿದ್ದಳು.

"ಎಡಗಡೆ ಸಿಲಿಂಡರ್ ನಿಲ್ತಾ ಇಲ್ಲ. ಬಕೆಟ್ಟು ತಾನಾಗೇ ಇಳೀತದೆ. ಅಷ್ಟರೊಳಗೆ ಎಣ್ಣೆ ಜಾರದ ಹಾಗೆ ಹೊಸ ರಬ್ಬರ್ ಸೀಲು ಹಾಕ್ಬಿಡು."

"ಮಾರೋದು ಅಂತ ತೀರ್ಮಾನ ಆಗೇ ಹೋಯ್ತಾ ಬಾಂಗ್?" ಗಂಡನನ್ನೂ ಹಿರಿಯ ಗಂಡಸರನ್ನೂ ಅಲ್ಲಿ ಬಾಂಗ್ ಎಂದೇ ಕರೆಯುವುದು.

"ಮಂಡಿ ಕೇಳ್ತಿಲ್ಲ, ವಗಿ. ಪೆಡಲ್ ತುಳಿಯೋಕಾಗಲ್ಲ. ಬಂದ ದುಡ್ಡಲ್ಲಿ ದೋಣಿಕಟ್ಟೆ ಹತ್ರ ಒಂದು ಕಾಫಿ ಅಂಗಡಿ ಹಾಕೋಣ. ನಾನು ಗಲ್ಲಾದಲ್ಲಿ ಕೂತ್ಕೋತೀನಿ. ನಿನ್ನ ತೆಂಗಿನಹಾಲಿನ ಅನ್ನಕ್ಕೆ ಮೀನುಗಾರರು ಸಾಲು ನಿಲ್ತಾರೆ ನೋಡು."

"ಮೀನುಗಾರರು ಹೊರಡೋದು ಕೋಳಿ ಕೂಗೋ ಮುಂಚೆ. ಅನ್ನ ಮಾಡೋಕೆ ನಾನು ಯಾವಾಗ ಏಳಬೇಕು?"

"ನೀನು ಹೇಗೂ ಬೇಗ ಏಳ್ತೀಯಲ್ಲ."

ವಗೀರಾ ಕತ್ತಿ ಕೆಳಗಿಟ್ಟಳು. "ಯಂತ್ರ ಇರಲಿ. ನಾನು ಓಡಿಸ್ತೀನಿ."

ಪೈಮಿನ್ ಕೆಮ್ಮು ಬರುವವರೆಗೆ ನಕ್ಕ. "ನೀನಾ? ಸೆರಗು ಲಿವರಿಗೆ ಸಿಕ್ಕೊಂಡು ಕಾಲುವೆ ಬದಲು ಮಸೀದಿ ಅಗೆದುಬಿಟ್ಟೀಯ!"

ಹಿಂದೆ, ಪೈಮಿನ್ ಯಂತ್ರದ ಕೆಳಗೆ ಮಲಗಿದಾಗ ಸ್ಪ್ಯಾನರ್ ಕೊಡುವುದಷ್ಟೇ ಅವಳ ಕೆಲಸವಾಗಿತ್ತು. ಅವನ ದಪ್ಪ ಬೆರಳು ಸಿಲಿಂಡರಿನೊಳಗಿನ ಸಣ್ಣ ತೋಡಿಗೆ ಹೋಗುತ್ತಿರಲಿಲ್ಲ. "ನಿನ್ನ ಬೆರಳು ತೆಳ್ಳಗಿದೆ, ನೋಡು" ಎಂದು ಒಮ್ಮೆ ಹೇಳಿದವನು ಮತ್ತೆಂದೂ ಕೈ ಹಾಕಲಿಲ್ಲ. ಆಮೇಲೆ ಪೈಪು ಬಿಗಿಯುವುದು, ಎಣ್ಣೆ ಸೋಸುವ ಜಾಲರಿ ಬದಲಿಸುವುದು, ಕೀಲುಗಳಿಗೆ ಗ್ರೀಸು ತುಂಬುವುದು ಎಲ್ಲವೂ, ಬಟ್ಟೆ ಒಗೆಯುವುದು ಅವಳದಾದ ಹಾಗೆಯೇ, ಯಾರೂ ಹೇಳದೆ ಅವಳದಾಯಿತು. ಹೊಸ ಸೀಲನ್ನು ಬಿಸಿನೀರಲ್ಲಿ ಹಾಕಿ ಮೆತ್ತಗೆ ಮಾಡಲು ಒಂದು ಹಳೆಯ ಪಾತ್ರೆ ಒಲೆಯ ಪಕ್ಕದಲ್ಲೇ ಇತ್ತು. ಸೀಲಿನ ಅಂಚಿಗೆ ಗೀರು ಬೀಳದ ಹಾಗೆ ಒಳಕ್ಕೆ ದೂಡಲು ಬಿದಿರಿನ ಕಡ್ಡಿ. ಕೈಯ ಜಿಡ್ಡು ತೆಗೆಯಲು ನಲ್ಲಿಯ ಬಳಿ ಸಕ್ಕರೆ ಡಬ್ಬಿ. ಸೋಪಿನ ಜೊತೆ ಸಕ್ಕರೆ ಉಜ್ಜಿದರೇ ಆ ಎಣ್ಣೆ ಬಿಡುವುದು. ಉಜ್ಜಿಕೊಂಡ ಕೈಯಲ್ಲೇ ಹಿಟ್ಟು ಕಲೆಸಬೇಕಿತ್ತು. ಊರಿನವರ ಬಾಯಲ್ಲಿ ಮಾತ್ರ ಅದು 'ಪೈಮಿನ್ ಚೆನ್ನಾಗಿಟ್ಟುಕೊಂಡ ಯಂತ್ರ.'

ಹೊಸ ಸೀಲು ಅವಳ ಹೊಲಿಗೆಯ ಬಿಸ್ಕತ್ತಿನ ಡಬ್ಬಿಯಲ್ಲಿತ್ತು. ಪ್ರತಿದಿನ ಡಬ್ಬಿ ತೆರೆದಳು, ಮುಚ್ಚಿದಳು. ಅರ್ಧಕ್ಕೆ ಬಿಟ್ಟ ಕೆಲಸ ಅವಳ ಬದುಕಿನಲ್ಲೇ ಇರಲಿಲ್ಲ. ಮಾಡುವುದಕ್ಕಿಂತ ಮಾಡದೆ ಇರುವುದೇ ಕಷ್ಟವಾಯಿತು. ಕೈ ತುರಿಸಿತು. ಒಗೆದ ಬಟ್ಟೆಯನ್ನೇ ಮತ್ತೆ ಒಗೆದಳು, ಗುಡಿಸಿದ ಅಂಗಳವನ್ನೇ ಗುಡಿಸಿದಳು.

"ನೆಲಕ್ಕೆ ನೋವಾಗುತ್ತೆ ಕಣೇ ಕಾಕ್, ಬಿಡು ಸಾಕು!" ಬೇಲಿಯಾಚೆಯಿಂದ ಪಕ್ಕದ ಮನೆಯ ತುಮಿನಾ ಕೂಗಿದಳು; ಊರಿಗೆಲ್ಲ ವಗೀರಾ ಕಾಕ್, ಅಂದರೆ ಅಕ್ಕ. "ನಮ್ಮನೆ ಕಾಲುವೆ ಕಟ್ಕೊಂಡಿದೆ. ನಿನ್ ಗಂಡಂಗೆ ಬರೋಕೆ ಹೇಳು."

"ಹೇಳ್ತೀನಿ" ಎಂದಳು ವಗೀರಾ. ಹೇಳಲಿಲ್ಲ.

"ಸೀಲು ಹಾಕಿದ್ಯಾ?" ಶನಿವಾರ ಪೈಮಿನ್ ಊಟದ ಮಧ್ಯೆ ಕೇಳಿದ.

"ಸಾರು ಬಡಿಸಲಾ?"

ಅವನು ತಟ್ಟೆ ಮುಂದೆ ಮಾಡಿದ.

ಭಾನುವಾರ ಟೌಕೆ ಬಂದ. ಬಕೆಟ್ಟು ಎದ್ದಿತು, ಎಂಜಿನ್ ಆರಿತು. ಮೊಟ್ಟೆ ವಗೀರಾಳ ಕೋಳಿಯದೇ. ಗಂಡಸರಿಬ್ಬರೂ ಜಗಲಿಯಲ್ಲಿ ಕೂತರು. ಟೀ ಕೊಟ್ಟು, ಬಾಳೆಹಣ್ಣಿನ ಬೋಂಡ ಎಣ್ಣೆಗೆ ಬಿಟ್ಟು, ಅಡುಗೆಮನೆಯ ಕಿಟಕಿಯಿಂದ ಬಗ್ಗಿ ನೋಡಿದಳು. ಸಂದು ಹಾಗೇ ಇತ್ತು.

ಆಗ ಹೊಳೆಯಿತು: ಬೆಳಗಿನ ತಂಪಿಗೆ ಸಿಲಿಂಡರಿನ ಎಣ್ಣೆ ಗಟ್ಟಿಯಾಗಿರುತ್ತದೆ. ಗಟ್ಟಿ ಎಣ್ಣೆ ಸವೆದ ಸೀಲನ್ನೂ ಅಷ್ಟು ಬೇಗ ದಾಟುವುದಿಲ್ಲ. ಇಷ್ಟು ವರ್ಷ ಆ ಎಣ್ಣೆಯಲ್ಲೇ ಕೈ ಅದ್ದಿದವಳು ಇದನ್ನೇ ಮರೆತಿದ್ದಳಲ್ಲ!

"ಬಾ ಪೈಮಿನ್, ನೋಡೇಬಿಡೋಣ" ಎಂದು ಟೌಕೆ ಲೋಟ ಕೆಳಗಿಟ್ಟ.

ವಗೀರಾ ತಟ್ಟೆ ಹಿಡಿದು ಓಡಿಬಂದಳು. "ಬೋಂಡ ಈಗಷ್ಟೇ ಆಗಿದೆ ಟೌಕೆ. ತಿನ್ನದೆ ಹೋದ್ರೆ ನನ್ ಕೈಗೆ ಅವಮಾನ."

"ಕಾಕ್ ಕೈರುಚಿ ಬಿಟ್ಟು ಹೋಗೋಕಾಗುತ್ತಾ?" ಅವನು ಮತ್ತೆ ಕೂತ.

ಮತ್ತೊಂದು ಟೀ. ಮತ್ತೊಂದು ಒಬ್ಬೆ ಬೋಂಡ. ಮರಗೆಣಸಿನದೂ ಕರಿದಳು, ಕಾರದ ಚಟ್ನಿ ಅರೆದಳು. ತೆಂಗಿನ ನೆರಳು ಯಂತ್ರದಿಂದ ಸರಿದು ಬಿಸಿಲು ಸಿಲಿಂಡರಿನ ಮೇಲೆ ಬಿತ್ತು. ಒಲೆಗೂ ಕಿಟಕಿಗೂ ಅವಳ ಓಡಾಟ ನಿಲ್ಲಲಿಲ್ಲ. ಸಂದು ಒಂದು ಬೆರಳಾಯಿತು. ಕೋಳಿಯೊಂದು ಮೊಟ್ಟೆಯ ಹತ್ತಿರ ಹೋಗಿ ಕತ್ತು ಓರೆಮಾಡಿ ನೋಡಿತು. ಅವಳು ಸೌಟು ಎಸೆದು ಓಡಿಸಿದಳು.

"ನಿಂದು ಗಟ್ಟಿ ಯಂತ್ರ ಕಣಯ್ಯ" ಎಂದು ಟೌಕೆ ಹೊಟ್ಟೆ ಸವರಿಕೊಂಡು ಎದ್ದ.

"ನಾನೇ ನೋಡ್ಕೊಂಡಿದ್ದು" ಎಂದ ಪೈಮಿನ್.

ಅಂಗಳದಲ್ಲಿ ಚಟ್ ಎಂದಿತು.

ಟೌಕೆ ಬಗ್ಗಿ ನೋಡಿ ತಲೆಯಲ್ಲಾಡಿಸಿದ. "ಬೋಂಡಕ್ಕೆ ದೊಡ್ಡ ಸಲಾಂ ಕಾಕ್. ಯಂತ್ರ ಇಲ್ಲೇ ಇರಲಿ." ಅವನ ಲಾರಿ ತಿರುವು ದಾಟಿದ ಮೇಲೂ ಪೈಮಿನ್ ಹಳದಿ ಲೋಳೆಯನ್ನೇ ನೋಡುತ್ತಿದ್ದ.

"ಸೀಲು ಹಾಕಲೇ ಇಲ್ವಾ?"

"ಇಲ್ಲ."

"ಮರೆತ್ಯಾ?"

"ಇಲ್ಲ ಬಾಂಗ್. ಹಾಕಲಿಲ್ಲ."

ಪೈಮಿನ್ ಬೈಯಲು ಬಾಯಿ ತೆರೆದ. ಇವಳು ಮಾಡದೇ ಬಿಟ್ಟ ಕೆಲಸಕ್ಕೆ ಏನೆಂದು ಬೈಯುವುದು? ಅದು ಅವಳ ಕೆಲಸ ಎಂದು ಅವನು ಯಾರೆದುರಿಗೂ ಹೇಳಿರಲಿಲ್ಲ.

ವಗೀರಾ ಹಳೆಯ ಪಾತ್ರೆಯಲ್ಲಿ ನೀರಿಟ್ಟು, ಬಕೆಟ್ಟನ್ನು ಪೂರ್ತಿ ನೆಲಕ್ಕೆ ಊರಿಸಿದಳು. ಸಿಲಿಂಡರಿನ ಬಿಗಿದ ಮುಚ್ಚಳ ಸಡಿಲಿಸುವಾಗ ಪೈಮಿನ್ ತಾನಾಗಿ ಬಂದು ಸ್ಪ್ಯಾನರಿಗೆ ತೂಕ ಕೊಟ್ಟ. ಸವೆದ ಸೀಲು ಅವಳ ಅಂಗೈಯಲ್ಲಿ ಒಣ ಹಪ್ಪಳದಂತೆ ಮುರಿಯಿತು.

ಮಧ್ಯಾಹ್ನ ತುಮಿನಾ ಬೇಲಿಗೆ ಬಂದಳು. "ಬಾಂಗ್ ಪೈಮಿನ್, ನಮ್ ಕಾಲುವೆ?"

ಪೈಮಿನ್ ಮಂಡಿ ತಿಕ್ಕಿಕೊಂಡ. ಹೆಂಡತಿಯ ಕಡೆ ನೋಡಲಿಲ್ಲ. "ಅವಳನ್ನೇ ಕೇಳು."

ಸೀಲು ಹಾಕಿಯಾದ ಮೇಲೆ ವಗೀರಾ ಬಕೆಟ್ಟನ್ನೆತ್ತಿ, ಎಂಜಿನ್ ಆರಿಸಿ, ಬಿಸಿಲಲ್ಲೇ ಇನ್ನೊಂದು ಮೊಟ್ಟೆ ಇಟ್ಟಳು. ಮತ್ತೆ ಹತ್ತಿ ಚಾಲಕನ ಸೀಟಿನಲ್ಲಿ ಕೂತಳು. ಕೂರಲಾರದೆ ಮುಂದೆ ಬಗ್ಗಿ ಬಗ್ಗಿ ನೋಡಿದಳು.

"ಟೀ ಮಾಡಲ್ವಾ?" ಪೈಮಿನ್ ಕೇಳಿದ.

"ನೀವೇ ಮಾಡಿ. ನನಗೂ ಒಂದು ಲೋಟ."

ಒಳಗೆ ಪಾತ್ರೆಗಳು ಬಿದ್ದ ಸದ್ದು. ಕಪಾಟುಗಳು ತೆರೆದುಕೊಂಡವು, ಮುಚ್ಚಿಕೊಂಡವು.

"ವಗೀ, ಸಕ್ಕರೆ ಎಲ್ಲಿ?"

ಅವಳು ಮೊಟ್ಟೆಯಿಂದ ಕಣ್ಣು ತೆಗೆಯಲಿಲ್ಲ.

"ನಲ್ಲಿ ಹತ್ರ."