ಅಪ್ಪ ತಂದ ಗ್ರಾಫಿಕ್ ಕಾರ್ಡ್

ಹನೂರಿನ ಗೊಬ್ಬರದಂಗಡಿಯಲ್ಲಿ ಬಿಲ್ ಹಾಕುವವಳಿಗೆ ಗೇಮಿಂಗ್ ಕಂಪ್ಯೂಟರ್ ಯಾಕೆ ಎಂದು ಕೇಳಿದವರಿಗೆಲ್ಲ ನನ್ನದು ಒಂದೇ ಉತ್ತರ: ಗೇಮ್ ಆಡಲಿಕ್ಕೆ. ಇದಕ್ಕಿಂತ ಬಿಡಿಸಿ ಹೇಳಲು ನನಗೆ ಬರುವುದಿಲ್ಲ. ದಿನವಿಡೀ ಯೂರಿಯಾ, ಪೊಟ್ಯಾಷ್ ಎಂದು ಕುಟ್ಟಿದ ಬೆರಳಿಗೆ ಸಂಜೆಯಾದರೆ ಒಂದು ಕಾರು ಓಡಿಸುವ ಆಸೆ. ಮೊಬೈಲಿನಲ್ಲಿ ಆಡಿ ನೋಡಿದ್ದೆ. ಅಂಗೈಯಗಲದ ಪರದೆಯಲ್ಲಿ ತಿರುವು ಬಂದಾಗೆಲ್ಲ ನನ್ನ ಹೆಬ್ಬೆರಳೇ ರಸ್ತೆಗೆ ಅಡ್ಡ ಬರುತ್ತಿತ್ತು.

ಸಿದ್ಧವಾದದ್ದನ್ನು ಕೊಳ್ಳುವುದಕ್ಕಿಂತ ಬಿಡಿಭಾಗಗಳನ್ನು ಆರಿಸಿ ಜೋಡಿಸಿಕೊಂಡರೆ ಅಗ್ಗ ಎಂದು ಗೊತ್ತಾದ ಮೇಲೆ ಕೊಳ್ಳೇಗಾಲದ ಮನೆಯಿಂದ ಹನೂರಿಗೆ ಹೋಗಿಬರುವ ಬಸ್ಸೇ ನನ್ನ ಕಾಲೇಜಾಯಿತು. ಬೆಟ್ಟದ ದೇವರಿಗೆ ಹೊರಟವರ ಚೀಲಗಳ ನಡುವೆ ಒಂಟಿಕಾಲಲ್ಲಿ ನಿಂತು ವಿಡಿಯೊ ನೋಡುತ್ತಿದ್ದೆ. ಯಾವ ಪ್ರೊಸೆಸರಿಗೆ ಯಾವ ಮದರ್‌ಬೋರ್ಡ್ ಕೂಡುತ್ತದೆ ಎಂದು ನೋಡುವುದು ಜಾತಕ ಕೂಡಿಸಿದಷ್ಟೇ ರಗಳೆ. ಎಲ್ಲ ಕೂಡಿಬಂತು ಎನ್ನುವಾಗ ರ‍್ಯಾಮ್ ತಕರಾರು ತೆಗೆಯುತ್ತದೆ. ಅದನ್ನು ಸಮಾಧಾನ ಮಾಡಿದರೆ ಪವರ್ ಸಪ್ಲೈಗೆ ಶಕ್ತಿ ಸಾಲದು. ಎಲ್ಲಕ್ಕಿಂತ ದೊಡ್ಡ ತಲೆನೋವು ಗ್ರಾಫಿಕ್ ಕಾರ್ಡ್. ಪರದೆಯ ಮೇಲೆ ಚಿತ್ರ ಓಡಿಸುವುದು ಅದೇ. ಅದೊಂದೇ ನನ್ನ ದುಡ್ಡಿನಲ್ಲಿ ಅರ್ಧವನ್ನು ನುಂಗುತ್ತಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ, ಸರಿ. ಆದರೆ ನನಗೆ ಬೇಕಾದದ್ದೆಲ್ಲ ಹಾಸಿಗೆಯ ಆಚೆಗೇ ಇತ್ತು.

ನಮ್ಮಪ್ಪ ರೇಷ್ಮೆ ಸೀರೆ ನೇಯುತ್ತಿದ್ದವನು. ಕಣ್ಣು ಮಂಜಾಗಿ ಮಗ್ಗ ಬಿಟ್ಟು ಎರಡು ವರ್ಷವಾಗಿತ್ತು. ಡಾಕ್ಟರು ಇದಕ್ಕೆ ಆಪರೇಷನ್ನೂ ಇಲ್ಲ ಎಂದಿದ್ದರು. ಅಂದಿನಿಂದ ತಾನು ಮನೆಗೆ ಏನೂ ತರುತ್ತಿಲ್ಲ ಎನ್ನುವುದು ಅವನ ಒಳಗಿನ ಕೊರಗು. ಊಟಕ್ಕೆ ಕೂತರೆ ಎರಡನೇ ಸಲ ಬಡಿಸಲು ಬಿಡುತ್ತಿರಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು, ಬೈಯುತ್ತಿದ್ದೆ. ಬೈದರೆ ಇನ್ನೂ ಅರ್ಧ ಮುದ್ದೆ ಕಡಿಮೆ ಮಾಡುತ್ತಿದ್ದ.

ಒಂದು ಭಾನುವಾರ ಜಗಲಿಯ ಮೇಲೆ ಕೂತು ಪಟ್ಟಿಯನ್ನು ಅವನಿಗೆ ಓದಿ ಹೇಳಿದೆ. ಪ್ರೊಸೆಸರ್ ಎಂದೆ, ಹೂಂ ಎಂದ. ಮದರ್‌ಬೋರ್ಡ್ ಎಂದೆ, ಹೂಂ ಎಂದ. ಗ್ರಾಫಿಕ್ ಕಾರ್ಡ್ ಎಂದಾಗ ಮಾತ್ರ ಗೋಡೆಗೆ ಒರಗಿದ್ದವನು ನೆಟ್ಟಗಾದ.

“ಅದ್ಕ್ಯಾಕಮ್ಮಿ ಕಾಸು? ಪಟ್ಟೀಲಿ ಒಡೆದಾಕು ಅದ. ನಾ ತಂದ್ಕೊಡ್ತೀನಿ.”

“ಎಲ್ಲಿಂದ ತತ್ತೀಯಪ್ಪ?”

“ನಂಗೆ ಗೊತ್ತಿರೋನು ಯಳಂದೂರಲ್ಲಿ ಅವ್ನೆ. ಡಿಸೈನು ಏನು, ಅದೇಳು.”

ಯಾವ ಗೇಮ್ ಎಂದು ಕೇಳುತ್ತಿದ್ದಾನೆ ಅಂದುಕೊಂಡು ಕಾರು ಎಂದೆ.

“ಎಷ್ಟ್ ಕಾರು?”

“ಬೇಜಾನ್ ಬತ್ತವೆ.”

“ಒಂದಿದ್ರೆ ಸಾಕು ಬುಡು. ಅದೇ ತಿರುಗ ತಿರುಗ ಬತ್ತದೆ.”

ಪಾಪ, ಅಪ್ಪನಿಗೇನು ಗೊತ್ತು ಗೇಮಿನ ವಿಷಯ ಎಂದು ಒಳಗೊಳಗೇ ನಕ್ಕೆ. ಯಳಂದೂರಿನ ಗೆಳೆಯನ ಮನೆಯಲ್ಲಿ ಹಳೇ ಕಂಪ್ಯೂಟರ್ ಮೂಲೆಗೆ ಬಿದ್ದಿರಬೇಕು, ಅದರದನ್ನೇ ತರುತ್ತಾನೆ ಎಂದು ನನ್ನ ಲೆಕ್ಕ. ಆ ವಾರ ಅಪ್ಪ ಒಬ್ಬನೇ ಎರಡು ಸಲ ಯಳಂದೂರಿಗೆ ಬಸ್ಸು ಹತ್ತಿದ. ಕಣ್ಣಿನ ಮಾತೇ ಎತ್ತಲಿಲ್ಲ. ಮುದ್ದೆಯನ್ನು ಕೇಳಿ ಹಾಕಿಸಿಕೊಂಡ. ನಾನೋ, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವಳು. ಕಾರ್ಡಿನ ದುಡ್ಡು ಉಳಿಯಿತೆಂದು ಏಳು ಬಣ್ಣದ ದೀಪ ಹತ್ತುವ ಕೀಬೋರ್ಡನ್ನು ಪಟ್ಟಿಗೆ ಸೇರಿಸಿದೆ.

ಮುಂದಿನ ಭಾನುವಾರ ಕೊಳ್ಳೇಗಾಲದ ಕಂಪ್ಯೂಟರ್ ಅಂಗಡಿಗೆ ಇಬ್ಬರೂ ಹೋದೆವು. ಅಪ್ಪನ ಕಂಕುಳಲ್ಲಿ ಒಂದು ಬಟ್ಟೆ ಚೀಲ. ಅಂಗಡಿಯವರು ಒಂದೊಂದೇ ಡಬ್ಬ ಟೇಬಲ್ಲಿನ ಮೇಲೆ ಇಟ್ಟು, “ಗ್ರಾಫಿಕ್ ಕಾರ್ಡ್ ಯಾವ್ದ್ ಆಕ್ಲಿ ಮೇಡಂ?” ಎಂದು ಕೇಳಿದರು.

“ಅದ ನಾವೇ ತಂದಿವಿ ಕಣ್ರಿ,” ಎಂದ ಅಪ್ಪ. ಹೇಳಿದ್ದು ಜೋರಾಗಿಯೇ.

ಚೀಲದಿಂದ ಹೊರಬಂದದ್ದು ಮಗ್ಗದ ಕಾರ್ಡು. ನೇಕಾರರ ಮನೆಯಲ್ಲಿ ಹುಟ್ಟಿದವರಿಗೆ ಹೇಳಬೇಕಾಗಿಲ್ಲ. ಸೀರೆಯ ಅಂಚಿಗೆ ಹೂವೋ ಹಂಸವೋ ಬರಬೇಕಾದರೆ ಮೊದಲು ಗ್ರಾಫ್ ಹಾಳೆಯ ಮೇಲೆ ಚೌಕ ಚೌಕವಾಗಿ ಚಿತ್ರ ಬರೆಯುತ್ತಾರೆ. ಆಮೇಲೆ ಅದನ್ನು ನೋಡಿಕೊಂಡು ರಟ್ಟಿನ ಪಟ್ಟಿಗಳಿಗೆ ತೂತು ಹೊಡೆದು, ದಾರದಲ್ಲಿ ಸಾಲಾಗಿ ಕಟ್ಟಿ ಮಗ್ಗದ ಮೇಲೆ ಏರಿಸುತ್ತಾರೆ. ತೂತಿದ್ದ ಕಡೆ ಎಳೆ ಮೇಲೆದ್ದು ಚಿತ್ರ ಮೂಡುತ್ತದೆ, ಮಾಲೆ ಸುತ್ತಿದ ಹಾಗೆ ಅದೇ ಚಿತ್ರ ಮತ್ತೆ ಮತ್ತೆ ಬರುತ್ತದೆ. ಆ ಪಟ್ಟಿಗೆ ಕಾರ್ಡು ಎಂದೇ ಹೆಸರು. ಗ್ರಾಫು, ಕಾರ್ಡು ಎರಡೂ ಒಂದೇ ಮಾತಲ್ಲಿ ಕೇಳಿದ ಅಪ್ಪನಿಗೆ ಅನುಮಾನ ಬರಲು ಕಾರಣವೇ ಇರಲಿಲ್ಲ. ಹೊಸ ರಟ್ಟಿನ ಮಾಲೆ ಟೇಬಲ್ಲಿನಿಂದ ಇಳಿದು ನೆಲದವರೆಗೂ ಇಳಿಬಿದ್ದಿತ್ತು.

ನಾನು ನಕ್ಕುಬಿಟ್ಟೆ. ಟೇಬಲ್ ಹಿಡಿದುಕೊಂಡು, ಹೊಟ್ಟೆ ನೋಯುವಷ್ಟು ನಕ್ಕೆ. ನಾನು ನಕ್ಕದ್ದಕ್ಕೆ ಅಂಗಡಿಯವರು ನಕ್ಕರು. ಯಾಕೆಂದು ತಿಳಿಯದಿದ್ದರೂ ಜೊತೆಗಿರಲಿ ಎಂದು ಅಪ್ಪನೂ ಒಂದಿಷ್ಟು ನಕ್ಕ. ಆಮೇಲೆ ಮೆಲ್ಲಗೆ, “ಯಾಕಮ್ಮಿ, ಬ್ಯಾರೆ ಕಾರ್ಡಾ ಅದು?” ಎಂದು ಕೇಳಿದ.

ನಗು ನಿಲ್ಲಿಸಿ, ಹೂಂ ಎಂದೆ.

ಅಂಗಡಿಯವರು ಒಳ್ಳೆಯವರು. ನಿಜವಾದ ಗ್ರಾಫಿಕ್ ಕಾರ್ಡೊಂದನ್ನು ತೆಗೆದು ಅಪ್ಪನ ಕೈಗೇ ಕೊಟ್ಟರು. ಅಪ್ಪ ಅದರ ಫ್ಯಾನುಗಳನ್ನು ಬೆರಳಿನಿಂದ ಸವರಿದ, ಬೆಲೆ ಕೇಳಿದ, ಕೇಳಿದ ಮೇಲೆ ಎರಡೂ ಕೈಯಲ್ಲಿ ಹಿಡಿದು ವಾಪಸ್ಸು ಕೊಟ್ಟ. ತನ್ನ ಕಾರ್ಡುಗಳನ್ನು ಮಡಿಕೆ ತಪ್ಪದ ಹಾಗೆ ಒಂದರ ಮೇಲೊಂದು ಮಡಚಿ ಚೀಲಕ್ಕೆ ಹಾಕಿಕೊಂಡ.

ಗ್ರಾಫಿಕ್ಸ್ ಒಳಗೇ ಇರುವ ಪ್ರೊಸೆಸರ್ ಬರುತ್ತದೆ, ಅದಾದರೆ ಬೇರೆ ಕಾರ್ಡ್ ಬೇಕಿಲ್ಲ, ಚಿತ್ರ ಸ್ವಲ್ಪ ಸಪ್ಪೆ ಅಷ್ಟೇ ಎಂದರು ಅಂಗಡಿಯವರು. ಬಣ್ಣದ ಕೀಬೋರ್ಡ್ ಬಿಟ್ಟು ಅದನ್ನೇ ತೆಗೆದುಕೊಂಡೆ. ಸಪ್ಪೆಯಾಗಿದ್ದರೂ ಕಾರು ಓಡುತ್ತದೆ. ಈಗಲೂ ದಿನಾ ಓಡಿಸುತ್ತೇನೆ.

ಆದರೆ ಅವತ್ತು ಡಬ್ಬಗಳನ್ನು ಹೊತ್ತು ಮನೆ ಕಡೆ ನಡೆಯುವಾಗ ನನಗೆ ತಡೆಯಲಾಗಲಿಲ್ಲ.

“ಅಪ್ಪ, ನಕ್ಕಿದ್ದು ತಪ್ಪಾಯ್ತು.”

“ನಕ್ಕುದ್ರೇನ್ ಬುಡು, ನಾನೂ ನಕ್ಕಿಲ್ವಾ?” ಎಂದ. ನಾಲ್ಕು ಹೆಜ್ಜೆಯಾದ ಮೇಲೆ ಅವನೇ ಹೇಳಿದ: “ನೀ ಓದಿದ್ ಪಟ್ಟೀಲಿ ನಂಗೆ ಗೊತ್ತಿದ್ ಎಸ್ರು ಅದೊಂದೇ ಕಣಮ್ಮಿ. ಮಗೀಗೆ ನನ್ ಕೈಲೂ ಒಂದ್ ಕೊಡಾಕಾಯ್ತದೆ ಅನ್ಕಂಡೆ.”

ಏನಾದರೂ ಮಾತಾಡಬೇಕಲ್ಲ ಎಂದು, “ಕಾರಿನ ಚಿತ್ರ ಯಾರ್ ಬರ್ದಿದ್ದು, ಯಳಂದೂರೋರಾ?” ಎಂದೆ.

“ಇಲ್ಲ, ಅವ್ರು ತೂತ ಒಡ್ದವ್ರೆ ಅಷ್ಟೇಯ. ಬರ್ದೋನು ನಾನೇ. ಕಣ್ಗೆ ಕಾಣಾಕಿಲ್ವಲ್ಲ, ಬೆರಳಿಟ್ಕಂಡು ಒಂದೊಂದೇ ಚೌಕ ಎಣಿಸ್ಕಂಡು ಬರ್ದೆ. ನೀ ಕೆಲ್ಸಕ್ಕೋದ್ಮೇಲೆ ಕೂತ್ಕಂಡ್ರೆ ನೀ ಬರೋಗಂಟ ಆಯ್ತಿತ್ತು. ಕಾರು ಅಂತ ಗೊತ್ತಾಯ್ತಿತ್ತಾ, ಇಲ್ವಾ?”

ನಾನು ಆ ಕಾರ್ಡುಗಳನ್ನು ಸರಿಯಾಗಿ ನೋಡಿಯೇ ಇರಲಿಲ್ಲ.